ಕೆಎ ಫಲಕದ ಹನ್ನೆರಡು ತಿಂಗಳು

ಅಂಗಾರಕ ಸಂಕಷ್ಟಿಯಂದು ಟಿಟ್ವಾಳಾದ ಮಹಾಗಣಪತಿಯ ದರ್ಶನಕ್ಕೆ ಬಂದು ನಿಂತ ವಾಹನಗಳ ನಡುವೆ ‘ಕೆಎ’ ಫಲಕ ಕಂಡರೆ ನಮಗೆ ಸಂತೋಷವಾಗುತ್ತದೆ. ಅದರ ಹಿಂದೆಯೇ ಒಂದು ಅಳುಕು: ಈ ಗಾಡಿ ಇಲ್ಲಿಗೆ ಬಂದು ವರ್ಷ ತುಂಬಿತೇ?

ಈ ಅಳುಕಿಗೆ ಇತಿಹಾಸವಿದೆ. ಮೋಟಾರು ವಾಹನಗಳ ಕುರಿತು 1914ರಲ್ಲಿ ಒಂದು ಕಾಯಿದೆ ಬಂತು; ಅದರ ಸ್ಥಾನವನ್ನು 1939ರ ಕಾಯಿದೆ ಪಡೆಯಿತು. 1989ರ ಜುಲೈ 1ರಂದು ಜಾರಿಗೆ ಬಂದ 1988ರ ಕಾಯಿದೆಯ 47ನೆಯ ಕಲಮಿನಂತೆ, ಪರರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇರಿಸಿದ ವಾಹನಕ್ಕೆ ಅಲ್ಲಿಯ ಸಂಖ್ಯೆಯನ್ನೇ ಪಡೆಯಬೇಕು. ವಾಹನ ತೆರಿಗೆಯಾದರೋ ರಾಜ್ಯಗಳ ಕೈಯಲ್ಲಿದೆ. ಆದ್ದರಿಂದ ನಾವು ಊರಿನ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಕಲ್ಯಾಣದ ‘ಎಂಎಚ್ 05’ ಪಡೆಯಲು ಇಲ್ಲಿ ಮತ್ತೆ ತೆರಿಗೆ ತೆರಬೇಕು. ಬಳಿಕ ಕರ್ನಾಟಕಕ್ಕೆ ಕಟ್ಟಿದ ಜೀವಿತಾವಧಿ ತೆರಿಗೆಯ ಉಳಿಕೆಗಾಗಿ ಅರ್ಜಿ ಹಾಕಬೇಕು.

2021ರ ‘ಬಿಎಚ್’ ಸರಣಿ ನಮ್ಮಂಥ ಕೇಂದ್ರ ನೌಕರರನ್ನು ಇದರಿಂದ ಬಿಡಿಸಿತು. ಎರಡೆರಡು ವರ್ಷದ ತೆರಿಗೆ ಕಟ್ಟಿದರೆ ಎಲ್ಲಿಗೆ ವರ್ಗವಾದರೂ ಅದೇ ಸಂಖ್ಯೆ. ನಮಗಿಂತ ಬಹಳ ಮೊದಲೇ ಈ ಸೀಮೆಗೆ ಬಂದು ಸ್ವಂತ ಹೋಟೆಲು, ಅಂಗಡಿ ನಡೆಸಿದ ಕನ್ನಡಿಗರಿಗೆ ಆ ಸೌಲಭ್ಯವಿಲ್ಲ. ದೇವಾಲಯದ ಬಳಿ ನಿಂತ ಆ ಗಾಡಿ ಅವರದೇ ಇರಬಹುದು.