ಲಾರಿಯ ವಾತಾಯನ

ಕಿಟಕಿಗಿರುವ ಸಂಸ್ಕೃತದ ಹೆಸರುಗಳಲ್ಲಿ ‘ಗವಾಕ್ಷ’ ಗೋವಿನ ಕಣ್ಣನ್ನು ನೆನಪಿಗೆ ತರುತ್ತದೆ. ‘ವಾತಾಯನ’ವೆಂದರೆ ಗಾಳಿಯ ದಾರಿ. ಇಂಗ್ಲಿಷಿನ ‘ವಿಂಡೊ’ ಶಬ್ದದ ಮೂಲವೂ ಹಳೆಯ ನಾರ್ಸ್ ಭಾಷೆಯ ‘ಗಾಳಿಗಣ್ಣು’. ಹೆಸರಿಟ್ಟ ಪೂರ್ವಿಕರ ಈ ವಿವೇಕ ಲಾರಿ ಕಟ್ಟುವವರಿಗೆ ತಿಳಿಯಲು ಕೆಲಕಾಲ ಹಿಡಿಯಿತು.

ಅಮೆರಿಕದ ಮೊದಮೊದಲ ಲಾರಿಗಳಲ್ಲಿ ಸಾರಥಿ ಕುದುರೆಗಾಡಿಯವನಂತೆ ಬಯಲಲ್ಲೇ ಕುಳಿತಿರುತ್ತಿದ್ದನಾದ್ದರಿಂದ ಗಾಳಿಯ ಚಿಂತೆಯೇ ಇರಲಿಲ್ಲ. 1917ರಲ್ಲಿ ಫೋರ್ಡ್ ಕಂಪನಿ ಟಿ.ಟಿ. ಲಾರಿಯನ್ನು ಹೊರತಂದಾಗ ಕೊಟ್ಟದ್ದು ಚಾಸಿಸ್ ಮಾತ್ರ. ಮೇಲಿನ ಮೈಯನ್ನು ಬಡಗಿಯೂ ಕಮ್ಮಾರನೂ ಬೇರೆಡೆ ಕಟ್ಟಬೇಕಾಗಿತ್ತು. ಮುಂದೆ ಬಾಗಿಲು, ಗಾಜು, ಚಾವಣಿ ಬಂದು ಮಳೆಚಳಿಗಳು ಹೊರಗುಳಿದವು. ಎಂಜಿನ್ನಿನ ಕಾವು ಒಳಗುಳಿಯಿತು. ಪೆಡಲುಗಳ ಸಂದಿನಿಂದ ಹೊಗೆಯೂ ನುಸುಳಿತು. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ಆಮೇಲೆ ಜೋಂಪು, ಕಡೆಗೆ ಪ್ರಾಣಾಪಾಯ.

ಇದಕ್ಕೆ ಹೂಡಿದ ಉಪಾಯವಾದರೋ ಸರಳ. ಮುಂಗಾಜಿನ ಬುಡದಲ್ಲಿ ಒಂದು ಕಿಂಡಿ, ಅದಕ್ಕೊಂದು ಮುಚ್ಚಳ. ಒಳಗಿನ ಸನ್ನೆಯನ್ನು ತಳ್ಳಿದರೆ ಗಾಳಿ ಕಾಲಬಳಿಗೆ ನುಗ್ಗುವುದು. ಕೆಲವುದರ ಬಾಯಿ ಮುಂದಕ್ಕೆ, ಕೆಲವುದರದು ಗಾಜಿನತ್ತ. ಹಿಂದಕ್ಕೆ ತೆರೆದ ಬಾಯಿಯೊಳಗೆ ಗಾಳಿ ಹೊಗುವುದೆಂತು? ಓಡುವ ಲಾರಿಯ ಗಾಜಿಗೆ ತಾಗಿದ ಗಾಳಿ ಅದರ ಬುಡದಲ್ಲಿ ಒತ್ತಿ ನಿಲ್ಲುತ್ತದೆ. ಕಿಂಡಿ ಸಿಕ್ಕಲ್ಲಿ ಒಳಗಿಳಿಯುತ್ತದೆ. 1938ರ ಮಾದರಿಯ ಕಾರುಗಳಲ್ಲಿ ನ್ಯಾಶ್ ಕಂಪನಿ ಹೊರಗಿನ ಗಾಳಿಯನ್ನೇ ಕಾಯಿಸಿ ಒಳಕ್ಕೆ ಬಿಟ್ಟಿತು. 1947ರ ಷೆವ್ರೊಲೆ ಲಾರಿಗೆ ಉಸಿರಾಡುವ ಕೋಣೆಯುಂಟೆಂದೇ ಜಾಹೀರಾತು ಸಾರಿತು.

ಅಂಥ ಹಳೆಯ ಲಾರಿಗಳನ್ನು ಈಗ ದುರಸ್ತು ಮಾಡಿ ಓಡಿಸುವವರಿಗೆ ಎಂಜಿನ್ನಿನ ಬಿಡಿಭಾಗಗಳು ದೊರೆತರೂ ಈ ಮುಚ್ಚಳ ಕೆಲವೊಮ್ಮೆ ದೊರೆಯದು. ಕಿಂಡಿಗೆ ತಗಡು ಬೆಸೆದುಬಿಡುವುದು ಸುಲಭ, ಆದರೆ ಅದು ಸಾರಥಿಯ ಮೂಗು ಮುಚ್ಚಿದಂತೆ. ಆಗ 1917ರ ಕಸಬೇ ಗತಿ. ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಬೇಕು. ಸುಮಾರು 1 ಮಿ.ಮೀ. ದಪ್ಪದ ಉಕ್ಕಿನ ತಗಡಿನ ಮೇಲೆ ಅದನ್ನು ಗೀರಿ, ಅಂಚು ಮಡಿಸುವಷ್ಟು ಹೆಚ್ಚಿಗೆ ಬಿಟ್ಟು ಕತ್ತರಿಸಬೇಕು. ಲಾರಿಯ ಮೈ ಅಲ್ಲಿ ಎರಡು ದಿಕ್ಕಿಗೂ ಬಾಗಿರುವುದರಿಂದ ಬರಿಯ ಮಡಿಕೆ ಸಾಲದು. ಮರಳಚೀಲದ ಮೇಲಿಟ್ಟು ಮರದ ಕೊಡತಿಯಿಂದ ಮೆಲ್ಲಮೆಲ್ಲನೆ ಬಡಿದು ಉಬ್ಬಿಸಬೇಕು. ಅವಸರದವನ ತಗಡು ಸುಕ್ಕಾಗುತ್ತದೆ. ಬಣ್ಣಕ್ಕೂ ರಬ್ಬರಿಗೂ ಎಡೆಯಿರಲಿ. ರಬ್ಬರು ದಪ್ಪವಾದರೆ ಮುಚ್ಚಳ ಮೇಲೆದ್ದು ನಿಲ್ಲುತ್ತದೆ.

ಇಷ್ಟಾದರೂ ತೆರೆದಿಟ್ಟಾಗ ಮಳೆಹನಿ ಒಳಗಿಳಿಯದಿರದು. ಅದಕ್ಕೆಂದು ಹಲವು ಲಾರಿಗಳಲ್ಲಿ ಕಿಂಡಿಯ ಸುತ್ತ ಒಂದು ಕಿರುಗಾಲುವೆಯೂ ನೀರು ಇಳಿದುಹೋಗಲು ಕೊಳವೆಯೂ ಉಂಟು. ಅದು ತರಗೆಲೆಯಿಂದ ಕಟ್ಟಿದರೆ ಸಾರಥಿಯ ಕಾಲಡಿಯ ತಗಡು ತುಕ್ಕು ಹಿಡಿಯುತ್ತದೆ. ಹೊಸ ಮುಚ್ಚಳ ಕೂಡಿಸುವ ಮುನ್ನ ಕಾಲುವೆಗೆ ಒಂದು ತಂಬಿಗೆ ನೀರು ಹೊಯ್ದು, ಅದು ಎಲ್ಲಿ ಹೊರಬರುವುದೆಂದು ಬಗ್ಗಿ ನೋಡುವುದು ಲೇಸು.