ಕೋಶ ವಿಭಜನೆಯಲ್ಲಿ ವಂಶವಾಹಿ ಪ್ರತಿಲೇಖನದ ನಿಯಂತ್ರಣ

ಡಿಎನ್‌ಎಯಲ್ಲಿರುವ ವಂಶವಾಹಿಯ ಮಾಹಿತಿಯನ್ನು ಆರ್‌ಎನ್‌ಎ ರೂಪಕ್ಕೆ ನಕಲು ಮಾಡುವ ಕ್ರಿಯೆಯನ್ನು ಪ್ರತಿಲೇಖನ ಎನ್ನುತ್ತಾರೆ. ಪ್ರಾಣಿಕೋಶಗಳು ಮೈಟೋಸಿಸ್ ಎಂಬ ವಿಭಜನೆಗೆ ಒಳಗಾಗುವಾಗ ಈ ಕ್ರಿಯೆ ಬಹುಮಟ್ಟಿಗೆ ಸ್ಥಗಿತಗೊಂಡು, ವಿಭಜನೆ ಮುಗಿಯುತ್ತಿದ್ದಂತೆ ಪುನರಾರಂಭವಾಗುತ್ತದೆ. ಹೀಗಿದ್ದೂ ಯಕೃತ್ತಿನ ಕೋಶ ಒಡೆದಾಗ ಹುಟ್ಟುವವು ಯಕೃತ್ತಿನ ಕೋಶಗಳೇ. ಕೋಶವು ತನ್ನ ಗುರುತನ್ನು ಮರೆಯದಿರುವುದು ಹೇಗೆ ಎಂಬುದು ಈ ವಿಷಯದ ಮುಖ್ಯ ಪ್ರಶ್ನೆಯಾಗಿದೆ.

ವಿಭಜನೆಗೆ ಮುನ್ನ

ಕೋಶಚಕ್ರದಲ್ಲಿ ಜಿ1, ಎಸ್, ಜಿ2 ಮತ್ತು ಎಂ ಎಂಬ ನಾಲ್ಕು ಹಂತಗಳಿವೆ. ಜಿ1 ಹಂತದಲ್ಲಿ ಆರ್‌ಬಿ ಎಂಬ ಪ್ರೋಟೀನು ಇ2ಎಫ್ ಗುಂಪಿನ ಪ್ರತಿಲೇಖನ ಅಂಶಗಳನ್ನು ತಡೆಹಿಡಿದಿರುತ್ತದೆ. ಬೆಳವಣಿಗೆಯ ಸಂಕೇತ ದೊರೆತಾಗ ಸೈಕ್ಲಿನ್ ಅವಲಂಬಿತ ಕೈನೇಸ್ ಕಿಣ್ವಗಳು ಆರ್‌ಬಿಗೆ ಫಾಸ್ಫೇಟನ್ನು ಜೋಡಿಸುತ್ತವೆ. ಆಗ ಬಂಧಮುಕ್ತವಾದ ಇ2ಎಫ್, ಡಿಎನ್‌ಎ ಇಮ್ಮಡಿಯಾಗಲು ಬೇಕಾದ ವಂಶವಾಹಿಗಳನ್ನು ಚಾಲನೆಗೊಳಿಸುತ್ತದೆ. ಜಿ2 ಹಂತದಲ್ಲಿ ಫಾಕ್ಸ್‌ಎಂ1 ಮೊದಲಾದ ಅಂಶಗಳು ಸೈಕ್ಲಿನ್ ಬಿ ಸೇರಿದಂತೆ ವಿಭಜನೆಗೆ ಅಗತ್ಯವಾದ ಪ್ರೋಟೀನುಗಳ ವಂಶವಾಹಿಗಳನ್ನು ಪ್ರಚೋದಿಸುತ್ತವೆ.

ಪ್ರತಿಲೇಖನದ ಸ್ಥಗಿತ

ಸಸ್ತನಿ ಕೋಶಗಳಲ್ಲಿ ಮೈಟೋಸಿಸ್‌ನ ವೇಳೆ ಆರ್‌ಎನ್‌ಎ ತಯಾರಿಕೆ ನಿಲ್ಲುವುದನ್ನು ಪ್ರೆಸ್ಕಾಟ್ ಮತ್ತು ಬೆಂಡರ್ 1962ರಲ್ಲಿ ವರದಿ ಮಾಡಿದರು. ವರ್ಣತಂತುಗಳು ದಟ್ಟವಾಗಿ ಸುತ್ತಿಕೊಳ್ಳುವುದೊಂದೇ ಇದಕ್ಕೆ ಕಾರಣವಲ್ಲ. ಸೈಕ್ಲಿನ್ ಬಿ ಜೊತೆಗೂಡಿದ ಸಿಡಿಕೆ1 ಕಿಣ್ವವು ಪ್ರತಿಲೇಖನ ಯಂತ್ರದ ಭಾಗಗಳಿಗೇ ಫಾಸ್ಫೇಟನ್ನು ಜೋಡಿಸಿ ಅವುಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಆರ್‌ಎನ್‌ಎ ಪಾಲಿಮರೇಸ್ 2 ಬಹುಪಾಲು ವರ್ಣತಂತುಗಳಿಂದ ಕಳಚಿಕೊಳ್ಳುತ್ತದೆ. ವಿಭಜನೆಯ ಕೊನೆಯಲ್ಲಿ ಸೈಕ್ಲಿನ್ ಬಿ ನಾಶವಾಗಿ, ಫಾಸ್ಫೇಟುಗಳು ತೆಗೆಯಲ್ಪಟ್ಟಾಗ ಈ ತಡೆ ನೀಗುತ್ತದೆ.

ಇದು ಎಲ್ಲ ಜೀವಿಗಳಿಗೂ ಅನ್ವಯಿಸುವ ನಿಯಮವಲ್ಲ. ಬ್ರೆಡ್ ತಯಾರಿಕೆಗೆ ಬಳಸುವ ಯೀಸ್ಟಿನಲ್ಲಿ ಕೋಶಕೇಂದ್ರದ ಪೊರೆ ಕರಗದೆ ಉಳಿಯುತ್ತದೆ; ಪ್ರತಿಲೇಖನವೂ ಮುಂದುವರಿಯುತ್ತದೆ. ಮಾನವ ಕೋಶಗಳಲ್ಲಿಯೂ ಅನೇಕ ವಂಶವಾಹಿಗಳ ಪ್ರತಿಲೇಖನ ಅತ್ಯಲ್ಪ ಪ್ರಮಾಣದಲ್ಲಿ ಉಳಿದಿರುತ್ತದೆಂದು 2017ರ ಅಧ್ಯಯನವೊಂದು ತೋರಿಸಿತು.

ಗುರುತಿನ ಉಳಿವು

ಓದು ನಿಲ್ಲಿಸಿದ ಪುಟದಲ್ಲಿ ಗುರುತಿನ ಚೀಟಿ ಇಡುವಂತೆ, ಕೆಲವು ಪ್ರೋಟೀನುಗಳು ವಿಭಜನೆಯ ವೇಳೆಯಲ್ಲೂ ಆಯ್ದ ವಂಶವಾಹಿಗಳ ಬಳಿ ಉಳಿಯುತ್ತವೆ. ಯಕೃತ್ತಿನ ಕೋಶಗಳಲ್ಲಿ ಫಾಕ್ಸ್‌ಎ1, ಕೆಂಪು ರಕ್ತಕಣಗಳ ಪೂರ್ವಕೋಶಗಳಲ್ಲಿ ಗಾಟಾ1 ಇದಕ್ಕೆ ಉದಾಹರಣೆಗಳು. ಹಿಸ್ಟೋನ್ ಪ್ರೋಟೀನುಗಳ ಮೇಲಿನ ಕೆಲವು ರಾಸಾಯನಿಕ ಗುರುತುಗಳೂ ಮರಿಕೋಶಗಳಿಗೆ ದಾಟುತ್ತವೆ. ಇವುಗಳ ನೆರವಿನಿಂದ ಸರಿಯಾದ ವಂಶವಾಹಿಗಳು ಬೇಗನೆ ಮತ್ತೆ ಚಾಲನೆಗೊಳ್ಳುತ್ತವೆಂದು ಭಾವಿಸಲಾಗಿದೆ.

ವೈದ್ಯಕೀಯ ಮಹತ್ವ

ಈ ನಿಯಂತ್ರಣ ತಪ್ಪಿದರೆ ಕೋಶಗಳು ಅಂಕೆಯಿಲ್ಲದೆ ವೃದ್ಧಿಯಾಗಬಹುದು. ಆರ್‌ಬಿ ಪ್ರೋಟೀನಿನ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಾಗ ಎಳೆಯ ಮಕ್ಕಳ ಕಣ್ಣಿನಲ್ಲಿ ರೆಟಿನೋಬ್ಲಾಸ್ಟೋಮ ಎಂಬ ಅರ್ಬುದ ಉಂಟಾಗುತ್ತದೆ. ಆರ್‌ಬಿಯ ತಡೆಯನ್ನು ಸಡಿಲಿಸುವ ಸಿಡಿಕೆ4 ಮತ್ತು ಸಿಡಿಕೆ6 ಕಿಣ್ವಗಳನ್ನು ಪ್ರತಿಬಂಧಿಸುವ ಪಾಲ್ಬೋಸಿಕ್ಲಿಬ್ ಎಂಬ ಔಷಧಿಯನ್ನು ಕೆಲವು ಬಗೆಯ ಸ್ತನ ಕ್ಯಾನ್ಸರ್‌ಗಳ ಚಿಕಿತ್ಸೆಯಲ್ಲಿ ಬಳಸಲಾಗುತ್ತಿದೆ. ಕೋಶಚಕ್ರದ ಪ್ರಮುಖ ನಿಯಂತ್ರಕಗಳನ್ನು ಕಂಡುಹಿಡಿದ ಲೀಲ್ಯಾಂಡ್ ಹಾರ್ಟ್‌ವೆಲ್, ಟಿಮ್ ಹಂಟ್ ಮತ್ತು ಪಾಲ್ ನರ್ಸ್ ಅವರಿಗೆ 2001ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು.