ಹೆದ್ದಾರಿಯಷ್ಟೇ ಅಗಲದ ಕ್ಷೇತ್ರ

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ ಡರ್ಹಮ್‌ನಿಂದ ಷಾರ್ಲಟ್ ಕಡೆಗೆ ಸಾಗುವ 85ನೇ ಹೆದ್ದಾರಿಗೆ ಚುನಾವಣಾ ಇತಿಹಾಸದಲ್ಲೂ ಒಂದು ಸ್ಥಾನವಿದೆ. 1992ರಲ್ಲಿ ರೂಪುಗೊಂಡ ಅಲ್ಲಿಯ 12ನೇ ಸಂಸತ್ ಕ್ಷೇತ್ರ ಸುಮಾರು 160 ಮೈಲಿ ಉದ್ದಕ್ಕೆ ಈ ಹೆದ್ದಾರಿಗುಂಟ ಹಾವಿನಂತೆ ಹರಿದಿತ್ತು. ಬಹಳ ಕಡೆ ಅದರ ಅಗಲ ಹೆದ್ದಾರಿಯಷ್ಟೇ. ಕಾರಿನ ಎರಡೂ ಬಾಗಿಲು ತೆರೆದು ಓಡಿಸಿದರೆ ಕ್ಷೇತ್ರದ ಬಹುಪಾಲು ಜನ ಸತ್ತೇಹೋಗುತ್ತಾರೆ ಎಂದು ಆ ರಾಜ್ಯದ ಶಾಸಕರೊಬ್ಬರು ನಗೆಯಾಡಿದ್ದರು.

ಹತ್ತು ವರ್ಷಕ್ಕೊಮ್ಮೆ ಜನಗಣತಿಯಾದ ಮೇಲೆ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಎಳೆಯುವುದು ಅಲ್ಲಿ ರಾಜ್ಯ ಶಾಸನಸಭೆಯ ಕೆಲಸ. ರಾಜ್ಯಪಾಲರಿಗೆ ಅದನ್ನು ತಡೆಯುವ ಅಧಿಕಾರವಿಲ್ಲ. ರಾಜ್ಯದ ಜನಸಂಖ್ಯೆಯ ಐದನೇ ಒಂದು ಭಾಗಕ್ಕಿಂತ ಹೆಚ್ಚಿದ್ದರೂ ಕಪ್ಪು ಜನ ಊರೂರುಗಳಲ್ಲಿ ಹಂಚಿಹೋಗಿದ್ದರು. 1901ರಲ್ಲಿ ಜಾರ್ಜ್ ಹೆನ್ರಿ ವೈಟ್ ಅವಧಿ ಮುಗಿಸಿದ ಮೇಲೆ ಅವರಲ್ಲೊಬ್ಬರೂ ಇಲ್ಲಿಂದ ಸಂಸತ್ತಿಗೆ ಹೋಗಿರಲಿಲ್ಲ. ಮತದಾನ ಹಕ್ಕು ಕಾಯ್ದೆಯಡಿ ಕೇಂದ್ರ ಸರ್ಕಾರ ಆಕ್ಷೇಪಿಸಿದಾಗ, ಕಪ್ಪು ಜನ ಬಹುಮತದಲ್ಲಿರುವ ಎರಡನೇ ಕ್ಷೇತ್ರವಾಗಿ ಈ ಹಾವು ಹುಟ್ಟಿತು. 1992ರಲ್ಲಿ 12ರಿಂದ ಮೆಲ್ ವಾಟ್, 1ನೇ ಕ್ಷೇತ್ರದಿಂದ ಇವಾ ಕ್ಲೇಟನ್ ಗೆದ್ದರು. ತೊಂಬತ್ತೊಂದು ವರ್ಷಗಳ ಬರ ನೀಗಿತು. ಮರುವರ್ಷವೇ ಸುಪ್ರೀಂ ಕೋರ್ಟು, ಜನಾಂಗವನ್ನಲ್ಲದೆ ಬೇರಾವುದನ್ನೂ ಲೆಕ್ಕಿಸದೆ ಎಳೆದಂತೆ ಕಾಣುವ ಗಡಿಯನ್ನು ಕಟ್ಟುನಿಟ್ಟಾಗಿ ಪರಿಶೀಲಿಸಬೇಕೆಂದಿತು. ಹಾವು ಗಿಡ್ಡವಾಯಿತು, ಸಾಯಲಿಲ್ಲ.

ವಿಚಿತ್ರವೆಂದರೆ, ಕಪ್ಪು ಜನರಿಗೆ ದನಿ ಕೊಟ್ಟ ಉಪಾಯವೇ ಮುಂದೆ ಅವರ ದನಿಯನ್ನು ಕುಗ್ಗಿಸಲು ಒದಗಿತು. 2010ರಲ್ಲಿ ಶಾಸನಸಭೆಯನ್ನು ಗೆದ್ದ ರಿಪಬ್ಲಿಕನ್ನರು ಮರುವರ್ಷ 12ನೇ ಕ್ಷೇತ್ರದಲ್ಲಿ ಮತದಾನದ ವಯಸ್ಸಿನ ಕಪ್ಪು ಜನರ ಪಾಲನ್ನು ಶೇ 43.8ರಿಂದ ಶೇ 50.7ಕ್ಕೆ ಏರಿಸಿದರು. ವಾಟ್ ಅದಿಲ್ಲದೆಯೇ ಸಲೀಸಾಗಿ ಗೆಲ್ಲುತ್ತಿದ್ದರು. ಕಪ್ಪು ಜನರ ಒಲವು ಹೆಚ್ಚಾಗಿ ಡೆಮಾಕ್ರಟಿಕ್ ಪಕ್ಷದ ಕಡೆಗೆ. ಅವರನ್ನು ಒಂದೇ ಕಡೆ ತುಂಬಿದರೆ ಸುತ್ತಲಿನ ಕ್ಷೇತ್ರಗಳು ಎದುರಾಳಿಗೆ ಸಲೀಸು. 2012ರಲ್ಲಿ ರಾಜ್ಯದಾದ್ಯಂತ ಹೆಚ್ಚು ಮತ ಪಡೆದ ಡೆಮಾಕ್ರಟರಿಗೆ ದಕ್ಕಿದ್ದು 13ರಲ್ಲಿ 4 ಸ್ಥಾನ ಮಾತ್ರ.

ಈ ಗಡಿಗಳನ್ನು ಕೋರ್ಟು ರದ್ದುಮಾಡಿದಾಗ 2016ರಲ್ಲಿ ಹೊಸ ನಕ್ಷೆ ಬಂತು. ಈ ಸಲ ಲೆಕ್ಕ ಜನಾಂಗದ್ದಲ್ಲ, ಪಕ್ಷದ್ದು ಎಂದು ಅದರ ಹೊಣೆ ಹೊತ್ತ ಶಾಸಕ ಡೇವಿಡ್ ಲೂಯಿಸ್ ಮುಚ್ಚುಮರೆಯಿಲ್ಲದೆ ಹೇಳಿದರು: ರಿಪಬ್ಲಿಕನ್ನರಿಗೆ 10, ಎದುರಾಳಿಗೆ 3, 11 ಮತ್ತು 2 ಮಾಡಲು ಸಾಧ್ಯವಿಲ್ಲವೆಂದೇ ಹೀಗೆ. ಗ್ರೀನ್ಸ್‌ಬರೊದಲ್ಲಿರುವ ಕಪ್ಪು ಜನರ ಹಳೆಯ ವಿಶ್ವವಿದ್ಯಾಲಯದ ಆವರಣವನ್ನೇ ಗೆರೆ ಸೀಳಿತು. ವಿದ್ಯಾರ್ಥಿಗಳು ಎರಡು ಕ್ಷೇತ್ರಗಳ ಪಾಲಾದರು. ನವೆಂಬರಿನ ಫಲಿತಾಂಶ ಹೇಳಿದಂತೆಯೇ 10 ಮತ್ತು 3. ಪಕ್ಷಪಾತದ ಗಡಿರಚನೆ ಕೇಂದ್ರ ನ್ಯಾಯಾಲಯಗಳು ತೀರ್ಮಾನಿಸುವ ವಿಷಯವಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟು 5-4ರ ಬಹುಮತದಿಂದ ಕೈತೊಳೆದುಕೊಂಡಿತು.

ಆಮೇಲಿನ ಕಥೆ ರಾಜ್ಯದ ನ್ಯಾಯಾಲಯಗಳದ್ದು. ನ್ಯಾಯಾಲಯ ಸಿದ್ಧಪಡಿಸಿದ ನಕ್ಷೆಯಡಿ 2022ರಲ್ಲಿ 14 ಸ್ಥಾನಗಳು 7-7 ಹಂಚಿಕೆಯಾದವು. ಅದೇ ಚುನಾವಣೆಯಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನ ಬಹುಮತ ರಿಪಬ್ಲಿಕನ್ನರ ಕಡೆ ವಾಲಿತು. 2023ರಲ್ಲಿ ಹಿಂದಿನ ತೀರ್ಪು ಬಿದ್ದು ಶಾಸನಸಭೆ ಮತ್ತೆ ಲೇಖನಿ ಹಿಡಿಯಿತು. 2024ರ ಫಲಿತಾಂಶ 10-4. ಹೊಸ ಗಡಿಗಳನ್ನು ಕಂಡು ಮೂವರು ಡೆಮಾಕ್ರಟ್ ಸದಸ್ಯರು ಮರುಸ್ಪರ್ಧೆಗೇ ಇಳಿಯಲಿಲ್ಲ. ಅವರಲ್ಲೊಬ್ಬರಾದ ಜೆಫ್ ಜಾಕ್ಸನ್, ಗೆರೆಗಳ ಹಂಗಿಲ್ಲದೆ ಇಡೀ ರಾಜ್ಯವೇ ಮತ ಹಾಕುವ ಅಟಾರ್ನಿ ಜನರಲ್ ಹುದ್ದೆಗೆ ಅದೇ ದಿನ ಗೆದ್ದರು.

2025ರ ಅಕ್ಟೋಬರಿನಲ್ಲಿ, ಜನಗಣತಿಗೆ ಇನ್ನೂ ಐದು ವರ್ಷವಿರುವಾಗಲೇ, ಶಾಸನಸಭೆ ಮತ್ತೊಮ್ಮೆ ಗಡಿ ತಿದ್ದಿತು. ಮುಖ್ಯ ಗುರಿ 1ನೇ ಕ್ಷೇತ್ರ: 1992ರಲ್ಲಿ ಇವಾ ಕ್ಲೇಟನ್ ಗೆದ್ದಿದ್ದ, ಅಂದಿನಿಂದ ಕಪ್ಪು ಪ್ರತಿನಿಧಿಯನ್ನೇ ಆರಿಸುತ್ತ ಬಂದಿದ್ದ ಕ್ಷೇತ್ರ.